ಹಿಂಗಾಲು ಎಳೆಯುವ ಹಸುವಿಗೆ ಬರೆ ಬೇಡ, ಸಣ್ಣ ಶಸ್ತ್ರಚಿಕಿತ್ಸೆ ಸಾಕು



ಮಹಿಳಾ ಸಂಘವೊಂದರ ಸದಸ್ಯೆಯೊಬ್ಬರ ಹಸುವಿನಿಂದ ಈ ಸಲದ ಪಾಠ ಶುರು ಮಾಡುತ್ತೇನೆ. ಎರಡನೇ ಸೂಲಿನ ಎಚ್‌ಎಫ್ ಮಿಶ್ರತಳಿ ಹಸು. ಆ ಮನೆಯ ಸಂಸಾರ ನಡೆಯುತ್ತಿದ್ದುದೇ ಅದರ ಹಾಲಿನ ಬಟವಾಡೆಯಿಂದ. ಚಳಿಗಾಲದಲ್ಲಿ ಅದು ಬಲಗಡೆಯ ಹಿಂಗಾಲು ಎಳೆಯತೊಡಗಿತು. ಕರೆ ಬಂದಾಗ ನಾನು ಹೋದದ್ದು ಮಧ್ಯಾಹ್ನ. ಹಸು ನನ್ನ ಮುಂದೆ ಚೆನ್ನಾಗಿಯೇ ನಡೆಯಿತು. ಎಲ್ಲೋ ಜಾರಿ ಉಳುಕಿರಬೇಕು ಎಂದುಕೊಂಡು ನೋವಿನ ಇಂಜೆಕ್ಷನ್ ಕೊಟ್ಟು ಬಂದೆ. ವಾರ ಕಳೆದ ಮೇಲೆ ಮತ್ತೆ ಕರೆ, ಮತ್ತೆ ಅದೇ ಇಂಜೆಕ್ಷನ್. ಮೂರನೇ ಸಲ ಹೋಗುವಷ್ಟರಲ್ಲಿ ಹಸುವಿನ ತೊಡೆಗೆ ಬರೆ ಬಿದ್ದಿತ್ತು. ದಲ್ಲಾಳಿಯೂ ಬಂದು ಅರ್ಧ ಬೆಲೆಗೆ ಕೇಳಿ ಹೋಗಿದ್ದ.

ಆ ದಿನ ಆ ಅಕ್ಕ ಹೇಳಿದ ಮಾತು ಇದು: "ನೀವು ಬರೋ ಹೊತ್ತಿಗೆ ಅದು ಸರಿಯಾಗಿರ್ತದೆ ಡಾಕ್ಟ್ರೇ. ಬೆಳಿಗ್ಗೆ ಹಗ್ಗ ಬಿಚ್ಚೋವಾಗ ಬಂದು ನೋಡಿ. ಹತ್ತು ಹೆಜ್ಜೆ ಕಾಲು ಕೊರಡಿನ ಹಾಗೆ ಸೆಟೆದಿರ್ತದೆ. ಆಮೇಲೆ ಟಕ್ ಅಂತ ಜಗ್ಗಿ ಬಿಡಿಸ್ಕೊಳ್ತದೆ."

ರೋಗ ಯಾವುದೆಂದು ಆ ಮಾತಿನಲ್ಲೇ ಇತ್ತು. ನಾನು ಎರಡು ಸಲ ಬಂದು ಕಾಣದೇ ಹೋದದ್ದನ್ನು ಅವರು ದಿನಾ ಬೆಳಿಗ್ಗೆ ಕಾಣುತ್ತಿದ್ದರು. ಮೊದಲ ಸಲವೇ ಅವರನ್ನು ಕೂರಿಸಿಕೊಂಡು ಕೇಳಿದ್ದರೆ ಆ ಬರೆ ಬೀಳುತ್ತಿರಲಿಲ್ಲ. ಆ ಹಸುವಿಗೆ ಆಗಿದ್ದದ್ದು ಮಂಡಿಚಿಪ್ಪು ಮೇಲಕ್ಕೆ ಸರಿದು ಸಿಕ್ಕಿಕೊಳ್ಳುವ ತೊಂದರೆ. ಹಸು, ಎಮ್ಮೆ, ಎತ್ತು ಮೂರರಲ್ಲೂ ಇದು ಕಾಣಿಸುತ್ತದೆ. ಸರಿಯಾಗಿ ಗುರುತಿಸಿದರೆ, ಹತ್ತು ಹದಿನೈದು ನಿಮಿಷದ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ರಾಸುಗಳು ಅಂದೇ ಸರಿಯಾಗಿ ಹೆಜ್ಜೆ ಹಾಕುತ್ತವೆ.

ಹಸುವಿನ ಮಂಡಿ ಎಲ್ಲಿದೆ?

ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಚಾಚಿಕೊಂಡಿರುವ ಕೀಲನ್ನೇ ಬಹಳ ಜನ ಮಂಡಿ ಎಂದುಕೊಳ್ಳುತ್ತಾರೆ. ಅದು ಮಂಡಿಯಲ್ಲ. ನಮ್ಮ ದೇಹಕ್ಕೆ ಹೋಲಿಸಿದರೆ ಅದು ಹಿಮ್ಮಡಿಯ ಜಾಗ. ನಿಜವಾದ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿ, ಪಕ್ಕೆಯಿಂದ ತೊಡೆಗೆ ಚರ್ಮದ ಮಡಿಕೆ ಇಳಿಯುವ ಕಡೆ ಇದೆ. ಹಸು ನಿಂತಿರುವಾಗ ತೊಡೆಯ ಮುಂಭಾಗದ ಮೇಲೆ ಅಂಗೈ ಇಟ್ಟು ಕೆಳಗೆ ಸರಿಸುತ್ತಾ ಬನ್ನಿ. ಗಟ್ಟಿಯಾದ ಒಂದು ಗುಬುಟು ಸಿಗುತ್ತದೆ. ಅದೇ ಮಂಡಿಚಿಪ್ಪು. ಸೌಮ್ಯ ಸ್ವಭಾವದ ಹಸುವಿನಲ್ಲಿ ಮಾತ್ರ, ಪಕ್ಕದಲ್ಲಿ ನಿಂತು ಇದನ್ನು ಮಾಡಿ ನೋಡಿ. ಒದೆಯುವ ಹಸುವಿನ ಹತ್ತಿರ ಬೇಡ.

ಮಂಡಿ ಎಲ್ಲಿದೆ ಎಂದು ತಿಳಿಯದಿರುವುದರಿಂದಲೇ ಎಷ್ಟೋ ಕಡೆ ಬರೆ ಬೀಳುವುದು ಸೊಂಟದ ಮೇಲೆ, ಎಣ್ಣೆ ತಿಕ್ಕುವುದು ಹಿಮ್ಮಡಿಗೆ. ತೊಂದರೆ ಇರುವುದು ಇನ್ನೊಂದು ಕಡೆ.

ಚಿಲಕ ಬಿದ್ದ ಕಾಲು

ತೊಡೆಯ ಮೂಳೆಯ ಕೆಳತುದಿಯಲ್ಲಿ ಒಂದು ಗಾಡಿ ಜಾಡಿನಂಥ ತಗ್ಗು ಇದೆ. ಅದರ ಎರಡೂ ಪಕ್ಕದಲ್ಲಿ ದಿಂಡು. ಒಳಪಕ್ಕದ ದಿಂಡು ಹೊರಪಕ್ಕದ್ದಕ್ಕಿಂತ ದೊಡ್ಡದು. ಹಸು ಕಾಲು ಮಡಚಿ ಚಾಚುವಾಗಲೆಲ್ಲ ಮಂಡಿಚಿಪ್ಪು ಈ ಜಾಡಿನಲ್ಲಿ ಕೆಳಗೆ ಮೇಲೆ ಜಾರುತ್ತಿರುತ್ತದೆ. ಮಂಡಿಚಿಪ್ಪನ್ನು ಕೆಳಗಿನ ಮೂಳೆಗೆ ಹಿಡಿದಿಡುವ ಗಟ್ಟಿ ನಾರಿನ ಪಟ್ಟಿಗಳು ಮೂರು: ಹೊರಗಿನದು, ನಡುವಿನದು, ಒಳಗಿನದು. ಇವನ್ನೇ ನಾವು ಲಿಗಮೆಂಟ್ ಅಥವಾ ಅಸ್ಥಿರಜ್ಜು ಎನ್ನುತ್ತೇವೆ. ಮನುಷ್ಯರ ಮಂಡಿಯಲ್ಲಿ ಈ ಜಾಗದಲ್ಲಿ ಇರುವುದು ಒಂದೇ ಪಟ್ಟಿ.

ಕಾಲು ಪೂರ್ತಿ ಹಿಂದಕ್ಕೆ ಚಾಚಿದಾಗ ಕೆಲವು ರಾಸುಗಳಲ್ಲಿ ಮಂಡಿಚಿಪ್ಪು ಅತಿಯಾಗಿ ಮೇಲಕ್ಕೆ ಹೋಗುತ್ತದೆ. ಆಗ ಒಳಗಿನ ಪಟ್ಟಿ ಒಳದಿಂಡಿನ ತಲೆಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಬಾಗಿಲಿಗೆ ಚಿಲಕ ಬಿದ್ದಂತೆ ಮಂಡಿಗೆ ಚಿಲಕ ಬೀಳುತ್ತದೆ. ಹಸು ಎಷ್ಟು ಪ್ರಯತ್ನಿಸಿದರೂ ಮಂಡಿ ಮಡಚಲು ಬರುವುದಿಲ್ಲ. ಮಂಡಿ ಮಡಚದೆ ಹಿಮ್ಮಡಿಯೂ ಮಡಚುವುದಿಲ್ಲ, ಏಕೆಂದರೆ ಹಿಂಗಾಲಿನಲ್ಲಿ ಈ ಎರಡು ಕೀಲು ಜೊತೆಜೊತೆಗೆ ಕೆಲಸ ಮಾಡುತ್ತವೆ. ಕಾಲು ಮರದ ತುಂಡಿನಂತಾಗುವುದು ಇದಕ್ಕೇ. ಕುದುರೆಗೆ ಈ ಚಿಲಕ ಒಂದು ಅನುಕೂಲ, ಅದು ನಿಂತಲ್ಲೇ ದಣಿವಾರಿಸಿಕೊಳ್ಳುವುದು ಇದರ ಸಹಾಯದಿಂದಲೇ. ಬೇಕಾದಾಗ ಹಾಕಿ ಬೇಕಾದಾಗ ತೆಗೆಯುತ್ತದೆ. ನಮ್ಮ ಹಸು ಎಮ್ಮೆಗಳಲ್ಲಿ ಅದು ಬೇಡದ ಹೊತ್ತಿನಲ್ಲಿ ಬಿದ್ದು, ತೆಗೆಯಲು ಬಾರದೆ ತೊಂದರೆಯಾಗುತ್ತದೆ.

ಗುರುತಿಸುವುದು ಹೇಗೆ?

ಬೆಳಿಗ್ಗೆ ಹಗ್ಗ ಬಿಚ್ಚಿದ ಕೂಡಲೇ ರಾಸಿನ ಹಿಂದೆ, ಸ್ವಲ್ಪ ದೂರದಲ್ಲಿ ನಿಂತು ಮೊದಲ ಹತ್ತು ಹೆಜ್ಜೆ ನೋಡಿ.

1. ಕಾಲು ಹಿಂದಕ್ಕೆ ಚಾಚಿಕೊಂಡೇ ಇರುತ್ತದೆ. ಗೊರಸಿನ ತುದಿ ನೆಲಕ್ಕೆ ಉಜ್ಜುತ್ತಾ ಬರುತ್ತದೆ. ಮಣ್ಣಿನ ಅಂಗಳದಲ್ಲಿ ಗೆರೆ ಎಳೆದ ಗುರುತು ಕಾಣುತ್ತದೆ.

2. ಕೆಲವು ಹೆಜ್ಜೆ ಆದ ಮೇಲೆ ಕಾಲು ಥಟ್ಟನೆ ಜಗ್ಗಿಕೊಂಡು ಮುಂದಕ್ಕೆ ಬರುತ್ತದೆ. ಒಮ್ಮೊಮ್ಮೆ ಟಕ್ ಎಂಬ ಸದ್ದೂ ಕೇಳುತ್ತದೆ.

3. ಸ್ವಲ್ಪ ದೂರ ನಡೆದ ಮೇಲೆ ತೊಂದರೆ ಕಡಿಮೆಯಾಗುತ್ತದೆ. ಕಟ್ಟಿಹಾಕಿ ಮತ್ತೆ ಬಿಚ್ಚಿದಾಗ ಪುನಃ ಕಾಣಿಸುತ್ತದೆ. ಚಳಿಗಾಲದಲ್ಲಿ ಹೆಚ್ಚು.

4. ರಾಸನ್ನು ಒಂದೆರಡು ಹೆಜ್ಜೆ ಹಿಂದಕ್ಕೆ ನಡೆಸಿದರೆ ಕೆಲವೊಮ್ಮೆ ಚಿಲಕ ತಾನೇ ಬಿಡುತ್ತದೆ.

5. ಕಾಲು ಎಳೆದರೂ ಮೊದಮೊದಲು ಊತ, ಬಿಸಿ, ಜ್ವರ ಇರುವುದಿಲ್ಲ. ಮೇವೂ ತಿನ್ನುತ್ತದೆ.

6. ಹಳೆಯದಾದಂತೆ ಗೊರಸಿನ ತುದಿ ಸವೆಯುತ್ತದೆ, ಗೊರಸಿನ ಮೇಲ್ಭಾಗ ತರಚಿ ಗಾಯವಾಗುತ್ತದೆ. ರಾಸು ಮಲಗಲು, ಏಳಲು ಕಷ್ಟಪಡುತ್ತದೆ. ಸರಿಯಾಗಿ ಮಲಗಿ ಮೆಲುಕು ಹಾಕದ ಹಸುವಿನ ಹಾಲು ಇಳಿಯುತ್ತದೆ. ಬೆದೆಗೆ ಬಂದರೂ ಬೇರೆ ರಾಸಿನ ಮೇಲೆ ಹಾರುವುದಿಲ್ಲವಾದ್ದರಿಂದ ಬೆದೆಯೇ ನಮ್ಮ ಗಮನಕ್ಕೆ ಬಾರದೆ ಹೋಗಬಹುದು.

ಕೆಲವು ರಾಸುಗಳಲ್ಲಿ ಎರಡೂ ಹಿಂಗಾಲಿಗೆ ಹೀಗಾಗುತ್ತದೆ. ಇನ್ನು ಕೆಲವುಗಳಲ್ಲಿ ಚಿಲಕ ಬಿಡುವುದೇ ಇಲ್ಲ, ಇಡೀ ದಿನ ಕಾಲು ಸೆಟೆದೇ ಇರುತ್ತದೆ.

ವೈದ್ಯರು ಬರುವ ಹೊತ್ತಿಗೆ ಹಸು ಸರಿಯಾಗಿ ನಡೆಯುತ್ತಿರಬಹುದು. ಆದ್ದರಿಂದ ಬೆಳಗಿನ ನಡಿಗೆಯನ್ನು ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆ ಅರ್ಧ ನಿಮಿಷದ ವಿಡಿಯೋ ನಮಗೆ ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ.

ಎಲ್ಲ ಕುಂಟೂ ಇದೇ ಅಲ್ಲ

ಹಸು ಜಾರಿ ಬಿದ್ದ ಮೇಲೆ ಕಾಲನ್ನು ಊರದೆ ಎತ್ತಿಕೊಂಡೇ ನಿಂತರೆ, ಮಂಡಿ ಅಥವಾ ಸೊಂಟ ಊದಿಕೊಂಡರೆ, ಅದು ಮೂಳೆ ಮುರಿತವೋ, ಸೊಂಟದ ಕೀಲು ತಪ್ಪಿದ್ದೋ, ಮಂಡಿಯ ಒಳಗಿನ ಲಿಗಮೆಂಟ್ ಹರಿದದ್ದೋ ಆಗಿರಬಹುದು. ಕರು ಹಾಕಿದ ಮೇಲೆ ಗೊರಸು ಹಿಂದಕ್ಕೆ ಮಡಚಿಕೊಂಡು ಅದರ ಮೇಲ್ಭಾಗದಲ್ಲಿ ನಡೆಯುತ್ತಿದ್ದರೆ ಅದು ನರದ ತೊಂದರೆ. ಗೊರಸಿನ ಸಂದಿಯಲ್ಲಿ ಕೀವು, ದುರ್ವಾಸನೆ ಇದ್ದರೆ ಗೊರಸಿನ ರೋಗ. ಇವು ಯಾವುದಕ್ಕೂ ನಾನು ಹೇಳುತ್ತಿರುವ ಶಸ್ತ್ರಚಿಕಿತ್ಸೆ ಮದ್ದಲ್ಲ. ಆದ್ದರಿಂದ "ಪಕ್ಕದ ಮನೆಯ ಹಸುವಿಗೆ ಮಾಡಿದ್ದನ್ನೇ ನಮ್ಮದಕ್ಕೂ ಮಾಡಿ" ಎಂದು ಕೇಳುವ ಮುಂಚೆ ಪರೀಕ್ಷೆ ಆಗಬೇಕು.

ಯಾಕೆ ಬರುತ್ತದೆ?

ಇದಕ್ಕೆ ಒಂದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ಹುಟ್ಟಿನಿಂದಲೇ ಹಿಂಗಾಲು ತೀರ ನೆಟ್ಟಗಿರುವ ರಾಸುಗಳಲ್ಲಿ ಸಾಧ್ಯತೆ ಹೆಚ್ಚು. ಮೇವು ಸಾಲದೆ ಬಡಕಲಾದ ರಾಸುಗಳಲ್ಲಿ ತೊಡೆಯ ಮಾಂಸಖಂಡ ಸೊರಗಿ ಮಂಡಿಚಿಪ್ಪಿನ ಹಿಡಿತ ಸಡಿಲವಾಗುತ್ತದೆ. ಜಾರುವ ನೆಲದಲ್ಲಿ ಕಾಲು ಥಟ್ಟನೆ ಹಿಂದಕ್ಕೆ ಜಾರುವುದು, ಉಳುವ ಎತ್ತು ಭಾರ ಎಳೆಯುವಾಗ ಕಾಲು ಅತಿಯಾಗಿ ಚಾಚುವುದು, ದಿನವಿಡೀ ಒಂದೇ ಕಡೆ ಕಟ್ಟಿಹಾಕುವುದು, ಖನಿಜಾಂಶಗಳ ಕೊರತೆ, ಇವೂ ಕಾರಣಗಳ ಪಟ್ಟಿಯಲ್ಲಿವೆ.

ಬರೆ, ಎಣ್ಣೆ, ನೋವಿನ ಇಂಜೆಕ್ಷನ್

ಬರೆ ಸುಡುವುದು ಚರ್ಮವನ್ನು. ಚಿಲಕ ಬಿದ್ದಿರುವುದು ಅದರ ಒಳಗೆ, ನಾರಿನ ಪಟ್ಟಿಯಲ್ಲಿ. ಬರೆ ಹಾಕಿದ ದಿನ ಉರಿಗೆ ಹೆದರಿ ಹಸು ಜೋರಾಗಿ ನಡೆದು ಚಿಲಕ ಬಿಟ್ಟರೆ, ಬರೆಯಿಂದಲೇ ವಾಸಿಯಾಯಿತು ಎಂದು ಅನಿಸುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕತೆ. ಉಳಿಯುವುದು ಸುಟ್ಟ ಗಾಯ, ಅದರಲ್ಲಿ ನೊಣ, ಆಮೇಲೆ ಹುಳ. ಎಣ್ಣೆ ತಿಕ್ಕುವುದರಿಂದ ಕೆಡುಕಿಲ್ಲ, ಆದರೆ ಚಿಲಕ ತೆಗೆಯುವ ಶಕ್ತಿ ಅದಕ್ಕಿಲ್ಲ. ನೋವಿನ ಇಂಜೆಕ್ಷನ್ ಕೂಡ ಅಷ್ಟೇ.

ಎಳೆಯ, ಬಡಕಲು ಪಡ್ಡೆಗಳಲ್ಲಿ ಅಪರೂಪಕ್ಕೊಮ್ಮೆ ಕಾಲು ಸಿಕ್ಕಿಕೊಳ್ಳುತ್ತಿದ್ದರೆ, ಒಳ್ಳೆಯ ಮೇವು, ಖನಿಜ ಮಿಶ್ರಣ, ದಿನಾ ಸ್ವಲ್ಪ ನಡಿಗೆ ಕೊಟ್ಟು ಕೆಲವು ವಾರ ಕಾದು ನೋಡಬಹುದು. ದಿನಾ ಬೆಳಿಗ್ಗೆ ಕಾಲು ಎಳೆಯುವ ರಾಸಿಗೆ ಕಾಯುವುದರಿಂದ ಪ್ರಯೋಜನವಿಲ್ಲ. ತಡವಾದಷ್ಟೂ ಗೊರಸು ಸವೆಯುತ್ತದೆ, ಕೀಲಿಗೂ ಪೆಟ್ಟು ಬೀಳುತ್ತದೆ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ

ಹಸುವನ್ನು ಹಗ್ಗ ಹಾಕಿ ಮಲಗಿಸಬೇಕಾಗುವುದರಿಂದ ಹೊಟ್ಟೆ ಖಾಲಿ ಇರಬೇಕು. ತುಂಬಿದ ಹೊಟ್ಟೆಯಲ್ಲಿ ಮಲಗಿಸಿದರೆ ಉಬ್ಬರ ಬರಬಹುದು. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹಿಂದಿನ ಸಂಜೆಯಿಂದ ಮೇವು, ಹಿಂಡಿ ನಿಲ್ಲಿಸಿ. ಅಂದು ಬೆಳಿಗ್ಗೆ ನೀರೂ ಬೇಡ. ನಿಮ್ಮ ವೈದ್ಯರು ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ. ಹಸಿದು ಕೂಗುತ್ತದೆ ಎಂದು ಕರುಣೆಯಿಂದ ಯಾರೂ ಒಂದು ಕಂತೆ ಹುಲ್ಲು ಹಾಕದಂತೆ ಮನೆಯವರಿಗೆಲ್ಲ ಹೇಳಿಡಿ. ಬೆಳಿಗ್ಗೆ ಹಾಲು ಕರೆದಿರಿ. ಮೆತ್ತಗಿನ ಮಣ್ಣಿನ ನೆಲ ಅಥವಾ ದಪ್ಪ ಹುಲ್ಲಿನ ಹಾಸು ಸಿದ್ಧಮಾಡಿ. ಗಟ್ಟಿ ಹಗ್ಗ, ಎರಡು ಬಕೆಟ್ ಶುದ್ಧ ನೀರು, ಸೋಪು, ಹಿಡಿಯಲು ಮೂರ್ನಾಲ್ಕು ಜನ ಇರಲಿ.

ಹಸು ಗಬ್ಬವಾಗಿದ್ದರೆ ಎಷ್ಟು ತಿಂಗಳು ಎಂದು ಮೊದಲೇ ಹೇಳಿ. ತುಂಬು ಗಬ್ಬದ ಹಸುವನ್ನು ಕೆಡವಿದರೆ ಕಂದು ಹಾಕುವ, ಗರ್ಭಕೋಶ ತಿರುಚಿಕೊಳ್ಳುವ ಅಪಾಯವಿದೆ. ಅಂಥ ಹಸುವಿಗೆ ನಿಲ್ಲಿಸಿಯೇ ಮಾಡುವುದೋ, ಕರು ಹಾಕಿದ ಮೇಲೆ ಮಾಡುವುದೋ ಎಂದು ವೈದ್ಯರು ನೋಡಿ ತೀರ್ಮಾನಿಸುತ್ತಾರೆ.

ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ?

ತೊಂದರೆ ಇರುವ ಕಾಲು ನೆಲದ ಕಡೆ ಬರುವಂತೆ ಹಸುವನ್ನು ಮಲಗಿಸುತ್ತೇವೆ. ಮೇಲಿನ ಕಾಲನ್ನು ಹಗ್ಗದಿಂದ ಪಕ್ಕಕ್ಕೆ ಎಳೆದು ಹಿಡಿದರೆ ಕೆಳಗಿನ ಕಾಲಿನ ಒಳಮೈ ಕೈಗೆ ಸಿಗುತ್ತದೆ. ಮಂಡಿಯ ಕೆಳಗಡೆ ಕೂದಲು ಬೋಳಿಸಿ, ಸೋಪಿನಿಂದ ತೊಳೆದು, ಅಯೋಡಿನ್ ಹಚ್ಚಿ, ಆ ಜಾಗ ಮರಗಟ್ಟುವ ಇಂಜೆಕ್ಷನ್ ಕೊಡುತ್ತೇವೆ.

ಆಮೇಲೆ ಬೆರಳಿನಿಂದ ಮೂರು ಪಟ್ಟಿಗಳನ್ನೂ ಎಣಿಸಿ ಗುರುತಿಸುತ್ತೇವೆ. ನಡುವಿನ ಪಟ್ಟಿಗೂ ಒಳಗಿನ ಪಟ್ಟಿಗೂ ನಡುವೆ, ಅವು ಕೆಳಗಿನ ಮೂಳೆಗೆ ಸೇರುವ ಜಾಗದ ಹತ್ತಿರ, ಬೆರಳಗಲದಷ್ಟು ಚರ್ಮ ಕೊಯ್ಯುತ್ತೇವೆ. ಸಣ್ಣ ಚಾಕುವನ್ನು ಒಳಗಿನ ಪಟ್ಟಿಯ ಅಡಿಗೆ ತೂರಿಸಿ, ಅಲಗನ್ನು ಪಟ್ಟಿಯ ಕಡೆ ತಿರುಗಿಸಿ ಕತ್ತರಿಸುತ್ತೇವೆ. ಬಿಗಿದ ಹಗ್ಗ ತುಂಡಾದಂತೆ ಕೈಗೆ ತಿಳಿಯುತ್ತದೆ. ಅಲ್ಲಿ ಬೆರಳಿಟ್ಟರೆ ಗಟ್ಟಿಯಾಗಿದ್ದ ಕಡೆ ತಗ್ಗು ಸಿಗುತ್ತದೆ. ರಕ್ತ ಹೋಗುವುದು ಬಹಳ ಕಡಿಮೆ. ಗಾಯ ಚಿಕ್ಕದಾದ್ದರಿಂದ ಒಂದು ಹೊಲಿಗೆ ಸಾಕು, ಕೆಲವೊಮ್ಮೆ ಅದೂ ಬೇಡ.

"ಒಂದು ಲಿಗಮೆಂಟ್ ಕತ್ತರಿಸಿದರೆ ಕಾಲು ನಿಶ್ಶಕ್ತವಾಗುವುದಿಲ್ಲವೇ?" ಎಂಬುದು ಎಲ್ಲರ ಭಯ. ಮಂಡಿಚಿಪ್ಪನ್ನು ಹಿಡಿದಿಡಲು ಉಳಿದ ಎರಡು ಪಟ್ಟಿಗಳಿವೆ. ಮುಖ್ಯ ಭಾರ ಹೊರುವುದು ನಡುವಿನದು. ಒಳಗಿನದನ್ನು ಕತ್ತರಿಸಿದರೆ ಹೋಗುವುದು ಆ ಕೊಕ್ಕೆ ಮಾತ್ರ.

ಆದರೆ ನಡುವಿನ ಪಟ್ಟಿಯನ್ನು ತಪ್ಪಿ ಕತ್ತರಿಸಿದರೆ ಮಂಡಿಯ ಹಿಡಿತವೇ ಹೋಗುತ್ತದೆ. ಚಾಕು ಕೀಲಿನ ಒಳಗೆ ಹೋದರೆ ಕೀಲು ಕೀವಾಗಬಹುದು. ಒಳಗಿನ ಪಟ್ಟಿ ಅರ್ಧ ಮಾತ್ರ ತುಂಡಾದರೆ ಕಾಲು ಮತ್ತೆ ಎಳೆಯುತ್ತದೆ. ಆದ್ದರಿಂದ ಇದನ್ನು ಪಶುವೈದ್ಯರಲ್ಲದವರ ಕೈಯಲ್ಲಿ ಮಾಡಿಸಲೇಬೇಡಿ.

ಆಮೇಲಿನ ಆರೈಕೆ

ಹಗ್ಗ ಬಿಚ್ಚಿ ಎಬ್ಬಿಸಿದ ಕೂಡಲೇ ಹೆಚ್ಚಿನ ರಾಸುಗಳು ಕಾಲು ಮಡಚಿ ನಡೆಯುತ್ತವೆ. ಹಳೆಯ ಅಭ್ಯಾಸದಿಂದ ಕೆಲವು ಒಂದೆರಡು ದಿನ ಅಳುಕುತ್ತವೆ. ನಡೆಯಿತಲ್ಲ ಎಂದು ಅಂದೇ ಮೇಯಲು ಬಿಡಬೇಡಿ.

ನಾಲ್ಕೈದು ದಿನ ಒಣಗಿದ, ಶುಚಿಯಾದ, ಜಾರದ ಜಾಗದಲ್ಲಿ ಕಟ್ಟಿ. ಹಾಸು ದಿನಾ ಬದಲಿಸಿ. ಗಾಯಕ್ಕೆ ವೈದ್ಯರು ಕೊಟ್ಟ ಮುಲಾಮು ಹಚ್ಚಿ, ನೊಣ ಕೂರದಂತೆ ನೋಡಿಕೊಳ್ಳಿ. ಸಗಣಿ, ಬೂದಿ, ಅರಿಶಿನದ ಪುಡಿ ಯಾವುದನ್ನೂ ಗಾಯಕ್ಕೆ ತುಂಬಬೇಡಿ. ಇಂಜೆಕ್ಷನ್ ಮೂರರಿಂದ ಐದು ದಿನ ಇರುತ್ತದೆ, ನಡುವೆ ನಿಲ್ಲಿಸಬೇಡಿ. ಹೊಲಿಗೆ ಹಾಕಿದ್ದರೆ ಹತ್ತು ದಿನದ ಸುಮಾರಿಗೆ ತೆಗೆಸಿ. ಆಮೇಲೆ ಸಮನೆಲದಲ್ಲಿ ನಿಧಾನವಾಗಿ ನಡೆಸಲು ಶುರು ಮಾಡಿ. ಮಂಡಿ ಊದಿದರೆ, ಕೀವು ಬಂದರೆ, ಜ್ವರ ಬಂದರೆ, ಮೇವು ಬಿಟ್ಟರೆ ಅಂದೇ ಕರೆ ಮಾಡಿ.

ಹಾಲಿನ ವಿಷಯ

ಆ್ಯಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲಿನಲ್ಲಿ ಔಷಧದ ಅಂಶ ಬರುತ್ತದೆ. ಕಾಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಅಂಥ ಹಾಲು ಸೇರಿದರೆ ಹೆಪ್ಪು ಹಾಕಿದ ಮೊಸರು ಕೂಡ ಸರಿಯಾಗಿ ಆಗುವುದಿಲ್ಲ. ಒಬ್ಬರ ಒಂದು ಕ್ಯಾನ್ ಹಾಲಿನಿಂದ ಇಡೀ ಸಂಘದ ಹಾಲು ಕೆಟ್ಟ ಹೆಸರು ತೆಗೆದುಕೊಳ್ಳಬಹುದು. ಎಷ್ಟು ದಿನ ಹಾಲು ಹಾಕಬಾರದು ಎಂಬುದು ಔಷಧದಿಂದ ಔಷಧಕ್ಕೆ ಬದಲಾಗುತ್ತದೆ. ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ, ಸಂಘದ ಕಾರ್ಯದರ್ಶಿಗೂ ತಿಳಿಸಿ. ಆ ದಿನಗಳ ಹಾಲಿನ ನಷ್ಟ ನಿಮಗೆ ದೊಡ್ಡದೇ, ನನಗೆ ಗೊತ್ತು. ಅರ್ಧ ಬೆಲೆಗೆ ಹಸು ಮಾರಿದ್ದರೆ ಆಗುತ್ತಿದ್ದ ನಷ್ಟದ ಪಕ್ಕದಲ್ಲಿ ಇಟ್ಟು ಲೆಕ್ಕ ಹಾಕಿ.

ಬಾರದಂತೆ ನೋಡಿಕೊಳ್ಳಲು

ಕೊಟ್ಟಿಗೆಯ ನೆಲ ನುಣ್ಣಗಿದ್ದರೆ ಗೀರು ಹಾಕಿಸಿ, ಅಥವಾ ರಬ್ಬರ್ ಮ್ಯಾಟ್ ಹಾಕಿ. ಗಂಜಲ ನಿಲ್ಲದಂತೆ ಇಳಿಜಾರು ಇರಲಿ, ಆದರೆ ಹಿಂಗಾಲು ಜಾರುವಷ್ಟು ಕಡಿದಾಗಿ ಬೇಡ. ದೊಡ್ಡ ರಾಸಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಿಂಡಿಯ ಜೊತೆ ಕೊಡಿ. ದಿನದಲ್ಲಿ ಸ್ವಲ್ಪ ಹೊತ್ತಾದರೂ ಬಿಚ್ಚಿ ಓಡಾಡಲು ಬಿಡಿ. ಬೆಳೆಯುವ ಕರು, ಪಡ್ಡೆಗಳಿಗೆ ಮಿಕ್ಕ ಮೇವು ಹಾಕಿ ಸೊರಗಿಸಬೇಡಿ.

ಎರಡು ಪ್ರಶ್ನೆಗಳು

ಒಂದು ಕಾಲು ಸರಿಯಾದ ಮೇಲೆ ಇನ್ನೊಂದು ಕಾಲು ಎಳೆಯತೊಡಗಿದರೆ? ಚಿಕಿತ್ಸೆ ತಪ್ಪಾಯಿತು ಎಂದುಕೊಳ್ಳಬೇಡಿ. ಆ ಕಾಲಿಗೂ ಅದೇ ತೊಂದರೆ ಬರಬಹುದು, ಅದೇ ಚಿಕಿತ್ಸೆ ಮಾಡಬಹುದು. ಕತ್ತರಿಸಿದ ಕಾಲೇ ಮತ್ತೆ ಎಳೆದರೆ ಪಟ್ಟಿ ಪೂರ್ತಿ ತುಂಡಾಗಿದೆಯೇ, ಬೇರೆ ತೊಂದರೆ ಇದೆಯೇ ಎಂದು ನೋಡಬೇಕು.

ಯಾರಿಗೆ ಕರೆ ಮಾಡಬೇಕು? ನಿಮ್ಮ ಸಂಘದ ಮೂಲಕ ಒಕ್ಕೂಟದ ಪಶುವೈದ್ಯರಿಗೆ, ಅಥವಾ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಉಚಿತ ಸಹಾಯವಾಣಿ ಇದೆ. ಇದು ರಾತ್ರೋರಾತ್ರಿ ಮಾಡಬೇಕಾದ ಚಿಕಿತ್ಸೆಯಲ್ಲ. ದಿನ ಗೊತ್ತುಮಾಡಿಕೊಂಡು, ಹಸುವನ್ನು ಖಾಲಿ ಹೊಟ್ಟೆಯಲ್ಲಿಟ್ಟು ಮಾಡಿಸಿ.

ಶುರುವಿನಲ್ಲಿ ಹೇಳಿದ ಹಸುವಿಗೆ ಬರೆಯ ಗಾಯ ಒಣಗುವವರೆಗೆ ಕಾದು ಶಸ್ತ್ರಚಿಕಿತ್ಸೆ ಮಾಡಿದೆವು. ಎದ್ದು ನಿಂತು, ಗೊರಸು ಉಜ್ಜದೆ ಅಂಗಳ ದಾಟಿತು. ಈಗ ಮೂರನೇ ಸೂಲು ಮುಗಿಸಿ ಅದೇ ಮನೆಯಲ್ಲಿದೆ. ತೊಡೆಯ ಮೇಲೆ ಬರೆಯ ಗುರುತು ಮಾತ್ರ ಹಾಗೇ ಉಳಿದಿದೆ.

ವೈದ್ಯರು ನಿಮ್ಮ ಕೊಟ್ಟಿಗೆಯಲ್ಲಿ ಇರುವುದು ಕಾಲು ಗಂಟೆ. ಬೆಳಗಿನ ಮೊದಲ ಹತ್ತು ಹೆಜ್ಜೆ ನೋಡುವವರು ನೀವು. ಕಂಡದ್ದನ್ನು ಸಂಕೋಚವಿಲ್ಲದೆ ಹೇಳಿ. ಕೇಳಿಸಿಕೊಳ್ಳದಿದ್ದರೆ ಇನ್ನೊಮ್ಮೆ ಹೇಳಿ.